ಗೌರಿ ಹಬ್ಬಕ್ಕೆ ಬಂದ ಮೂರು ಮೂಟೆ ಆಲೂಗಡ್ಡೆ

(1/6)
ಈ ಫೋಟೋದಲ್ಲಿ ಇರೋದು ನಮ್ಮನೆ ಕತ್ತಲೆ ಕೋಣೆ. ಲೈಟ್ ಹಾಕಿ ಫೋಟೋ ತೆಗೆದಿದ್ದಕ್ಕೆ ಅಜ್ಜಿ ಹತ್ರ ಬೈಸ್ಕೊಂಡೆ. "ಗಡ್ಡೆಗೆ ಬೆಳಕು ತೋರಿಸ್ಬ್ಯಾಡ ಕಣೇ!" ಯಾಕೆ ಅಂತ ಮುಂದೆ ಹೇಳ್ತೀನಿ.

ಒಂದು ತಿಂಗಳಿಂದ ನಾನು ಡಬ್ಬಿ ಮುಚ್ಚಳ ತೆಗೆದ ಕೂಡ್ಲೇ "ಇವತ್ತೂ ಆಲೂಗಡ್ಡೆನಾ?" ಅಂತ ನಗ್ತೀರಲ್ಲ, ಈ ಸೀರೀಸ್ ನಿಮಗೇ. ನಗ್ರಿ, ಪರವಾಗಿಲ್ಲ. ಆದ್ರೆ ಆರನೇ ಪೋಸ್ಟ್‌ವರೆಗೂ ಓದ್ರಿ.

ಗೌರಿ ಹಬ್ಬಕ್ಕೆ ಅಪ್ಪ ಪ್ರತಿ ವರ್ಷ ಅತ್ತೆಗೆ ಬಾಗಿನ ಕೊಟ್ಟು ಬರ್ತಾರೆ. ಅತ್ತೆ ಮನೆ ಹಾಸನ ಜಿಲ್ಲೆ ಅರಕಲಗೂಡು ಕಡೆ. ಈ ಸಲ ಸೀರೆ, ಬಳೆ, ಅರಿಶಿನ ಕುಂಕುಮ ತಗೊಂಡು ಹೋದ ಅಪ್ಪ ವಾಪಸ್ ಬರುವಾಗ ಜೊತೆಗೆ ಮೂರು ಮೂಟೆ ಆಲೂಗಡ್ಡೆ ಬಂದಿತ್ತು. ಒಂದೊಂದು 50 ಕೆಜಿ. ಈ ಕಡೆ ಬರ್ತಿದ್ದ ಯಾವುದೋ ಖಾಲಿ ಗಾಡೀಲಿ ಹಾಕಿಸ್ಕೊಂಡು ಬಂದಿದ್ರು.

ನಮ್ಮನೇಲಿ ಇರೋದು ಐದು ಜನ. ಗಡ್ಡೆ 150 ಕೆಜಿ.

(2/6)
ಈಗ ಅಸಲಿ ವಿಷಯ. ಮುಂಗಾರು ಶುರುವಾದಾಗ ಬಿತ್ತನೆ ಗಡ್ಡೆ ತಗೊಳೋಕೆ ಅಂತ ಮಾವ ಅಪ್ಪನ ಹತ್ರ 20 ಸಾವಿರ ಇಸ್ಕೊಂಡಿದ್ರು. ಆಲೂಗಡ್ಡೆ ಬೆಳೆಯೋರಿಗೆ ದೊಡ್ಡ ಖರ್ಚೇ ಬಿತ್ತನೆ. ಹಾಸನಕ್ಕೆ ಅದು ದೂರದ ಪಂಜಾಬಿನ ಜಲಂಧರ್ ಕಡೆಯಿಂದ ಲಾರೀಲಿ ಬರ್ತೈತೆ. ಅಲ್ಲಿ ಹೆಚ್ಚಾಗಿ ಹಾಕೋ ತಳಿ ಕುಫ್ರಿ ಜ್ಯೋತಿ. 1968ರಲ್ಲಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ್ದು. ಕುಫ್ರಿ ಅನ್ನೋದು ಶಿಮ್ಲಾ ಹತ್ರದ ಒಂದು ಊರಿನ ಹೆಸರು, ನಾನು ಕಂಪನಿ ಹೆಸರು ಅನ್ಕೊಂಡಿದ್ದೆ.

ಬಿತ್ತಿ ಆದ್ಮೇಲೆ ಮೋಡ, ಜಿಟಿಜಿಟಿ ಮಳೆ ಬಿಡದೆ ಹಿಡಿದ್ರೆ ಅಂಗಮಾರಿ ರೋಗ ಬರ್ತೈತೆ. ಎಲೆ ಕಪ್ಪಾಗಿ ಕೆಲವೇ ದಿನದಲ್ಲಿ ಹೊಲವೇ ಸುಟ್ಟಂಗೆ ಆಗ್ತೈತೆ. 1845ರಲ್ಲಿ ಐರ್ಲೆಂಡಿಗೆ ಬಂದು, ಮುಂದಿನ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸಾಯೋಕೆ ಕಾರಣ ಆಗಿದ್ದೂ ಇದೇ ರೋಗ. ಅತ್ತೆ ಹೊಲದಲ್ಲಿ ಅರ್ಧ ಅದೇ ತಿಂತು. ಉಳಿದಿದ್ದಕ್ಕೆ ಮಾರ್ಕೆಟ್‌ನಲ್ಲಿ ರೇಟ್ ಇರ್ಲಿಲ್ಲ.

"ದುಡ್ಡು ಆಗ್ಲಿಲ್ಲ ಕಣಣ್ಣ, ಗಡ್ಡೆ ಆದ್ರೂ ತಗೊಂಡೋಗು" ಅಂದ್ರಂತೆ ಅತ್ತೆ.

ಆ 20 ಸಾವಿರದಲ್ಲಿ ನನ್ನ ಫೀಸ್ ಇತ್ತು. ಅದಕ್ಕೇ ಮೂಟೆ ಇಳಿಸುವಾಗ ನನಗೆ ಬಂದಿದ್ದು ಕೋಪ. ನಿಜ ಹೇಳ್ತಿದೀನಿ.

ರಾತ್ರಿ ಅಪ್ಪನ ನೋಟ್‌ಬುಕ್ ತಗೊಂಡು, ಸಂತೆ ರೇಟ್ ಕೆಜಿಗೆ 12 ಅಂತ ಹಿಡಿದು, "150 ಕೆಜಿ, 1,800 ಜಮಾ" ಅಂತ ಮಾವನ ಹೆಸರಿನ ಕೆಳಗೆ ಬರೆದೆ. ಬಿಕಾಂ ಓದ್ತಿದೀನಲ್ಲ. ಅಪ್ಪ ನೋಡಿ ಅಂದಿದ್ದು ಇಷ್ಟೇ: "ಹೊಡೆದಾಕು ಅದನ್ನ. ಸಾಲ ಸಾಲನೇ. ಇದು ಹಬ್ಬಕ್ಕೆ ಹೋದಾಗ ನನ್ನ ತಂಗಿ ಕೊಟ್ಟಿದ್ದು."

(3/6)
ಅಜ್ಜಿಗೆ ಈ ಗಡ್ಡೆ ಮಗಳ ಮನೆಯಿಂದ ಬಂದಿದ್ದು. "ಒಂದೂ ತಿಪ್ಪೆಗೆ ಹೋಗಬಾರ್ದು" ಅಂತ ಆರ್ಡರ್ ಆಯ್ತು. ನಮ್ಮನೇಲಿ ಮಾಡಿದ್ದು ಹೀಗೆ. ಸೇವ್ ಮಾಡ್ಕೊಳ್ರಿ, ಹಾಸ್ಟೆಲ್ ರೂಮಲ್ಲಿ ಐದು ಕೆಜಿ ಇಡೋರಿಗೂ ಇದೇ ರೂಲು.

ಮೊದಲು ಆರಿಸೋದು. ಗುದ್ದಲಿ ಏಟು ಬಿದ್ದವು, ಸಿಪ್ಪೆ ಕಿತ್ತವು ಬೇರೆ; ಗಟ್ಟಿ ಇರೋವು ಬೇರೆ. ಏಟು ಬಿದ್ದವನ್ನ ಮೊದಲ ವಾರವೇ ತಿಂದು ಮುಗಿಸ್ಬೇಕು. ಕೊಳೆತದ್ದು ಒಂದು ಇದ್ರೂ ಪಕ್ಕದ ಹತ್ತನ್ನ ಕೆಡಿಸ್ತೈತೆ.

ತೊಳೀಬಾರ್ದು. ಮಣ್ಣು ಇದ್ರೆ ಇರ್ಲಿ, ಒಣಗಿದ ಮೇಲೆ ಕೈಯಲ್ಲಿ ಸವರಿದ್ರೆ ಸಾಕು.

ಬೆಳಕು ಬೀಳಬಾರ್ದು. ಬೆಳಕು ಬಿದ್ರೆ ಗಡ್ಡೆ ಹಸಿರಾಗ್ತೈತೆ. ಹಸಿರು ಬಣ್ಣ ಏನೂ ಮಾಡಲ್ಲ, ಆದ್ರೆ ಅದರ ಜೊತೆ ಸೋಲನಿನ್ ಅನ್ನೋ ಕಹಿ ವಿಷ ಹೆಚ್ಚಾಗ್ತೈತೆ. ಬೇಯಿಸಿದ್ರೂ ಅದು ಹೋಗಲ್ಲ. ಪೂರ್ತಿ ಹಸಿರಾಗಿದ್ರೆ ಬಿಸಾಕ್ರಿ.

ಫ್ರಿಜ್ ಬೇಡ. ತುಂಬಾ ತಣ್ಣಗಿದ್ರೆ ಗಡ್ಡೆಯ ಪಿಷ್ಟ ಸಕ್ಕರೆ ಆಗ್ತೈತೆ. ಪಲ್ಯ ಸಿಹಿ ಹೊಡಿತೈತೆ, ಎಣ್ಣೆಗೆ ಹಾಕಿದ್ರೆ ಕಪ್ಪಾಗ್ತೈತೆ.

ಈರುಳ್ಳಿ ಪಕ್ಕ ಬೇಡವೇ ಬೇಡ. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನ ಹೇಳೋ ಅಗತ್ಯ ಇಲ್ಲ. ಅದೇ ಟೈಮಲ್ಲಿ ನಮ್ಮ ಈರುಳ್ಳಿನೂ ಕಿತ್ತು ಜಗಲಿ ಮೇಲೆ ಒಣಗ್ತಿತ್ತು. ಆಲೂಗಡ್ಡೆ ತೇವಕ್ಕೆ ಈರುಳ್ಳಿ ಕೊಳೀತೈತೆ. ಅದಕ್ಕೆ ಈರುಳ್ಳಿ ಗಾಳಿಗೆ, ಆಲೂಗಡ್ಡೆ ಕತ್ತಲಿಗೆ.

ಕತ್ತಲೆ ಕೋಣೇಲಿ ಹಲಗೆ ಹಾಸಿ, ಅದರ ಮೇಲೆ ಒಣಗಿದ ತೆಂಗಿನ ಗರಿ ಹರಡಿ, ಗಡ್ಡೆ ಸುರಿದು, ಮೇಲೆ ಗೋಣಿಚೀಲ ಮುಚ್ಚಿದ್ವಿ. ಮೊಣಕಾಲಿಗಿಂತ ಎತ್ತರ ರಾಶಿ ಹಾಕ್ಬಾರ್ದು. ವಾರಕ್ಕೊಂದ್ಸಲ ಕೈಯಾಡಿಸಿ ಮೂಸಿ ನೋಡ್ಬೇಕು. ಕೊಳೆತದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗ್ತೈತೆ.

(4/6)
ಈ ಫೋಟೋ ಹಾಕಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡ್ದೆ. ಇದು ನಾನು ಕೆಡಿಸಿದ್ದು.

ಮೂರನೇ ಮೂಟೆ ಕೋಣೆ ಒಳಗೆ ಹಿಡೀಲಿಲ್ಲ. "ಬಾಯಿ ಬಿಚ್ಚಿ ಹಿತ್ತಲ ಮಾಡಿನ ಕೆಳಗೆ ಹರಡು" ಅಂದ್ರು ಅಮ್ಮ. ನನಗೆ ಮರುದಿನ ಟೆಸ್ಟು, ಮೇಲೆ ಕೋಪ ಬೇರೆ. ಮೂಟೇನ ಹಂಗೇ ಗೋಡೆಗೆ ಒರಗಿಸಿ, ಮಳೆ ಹನಿ ಬೀಳ್ದಿರಲಿ ಅಂತ ಪ್ಲಾಸ್ಟಿಕ್ ಸುತ್ತಿ ಹೋದೆ. ಆರು ದಿನ ಆ ಕಡೆ ತಿರುಗಿ ನೋಡ್ಲಿಲ್ಲ.

ಗಡ್ಡೆಗೆ ಜೀವ ಐತೆ. ಕಿತ್ತ ಮೇಲೂ ಉಸಿರಾಡ್ತೈತೆ, ಬಿಸಿ ಮತ್ತು ತೇವ ಬಿಡ್ತೈತೆ. ಪ್ಲಾಸ್ಟಿಕ್ ಸುತ್ತಿದ್ರೆ ಅದರ ಬೆವರಲ್ಲಿ ಅದೇ ನೆನೆದು ಕೊಳೀತೈತೆ. ಬಿಚ್ಚಿದಾಗ ಬಂದ ನಾತ ಇನ್ನೂ ಮೂಗಲ್ಲೈತೆ. 11 ಕೆಜಿ ಹೋಯ್ತು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಎರಡು ಥರ ನಷ್ಟ ಓದ್ತೀವಲ್ಲ, ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್. ಎಷ್ಟೇ ಹುಷಾರಾಗಿದ್ರೂ ಆಗೋದು ಮೊದಲನೇದು. ಯಾರದೋ ಅಜಾಗರೂಕತೆಯಿಂದ ಆಗೋದು ಎರಡನೇದು. ಪುಸ್ತಕದಲ್ಲಿ ಆ "ಯಾರದೋ" ಯಾರು ಅಂತ ಇರಲ್ಲ.

ಹಿತ್ತಲ ಗುಂಡಿಗೆ ಸುರಿಯುವಾಗ ಅಪ್ಪ ಬಂದು ನಿಂತ್ರು. ಬೈತಾರೆ ಅನ್ಕೊಂಡೆ, ಬೈಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಈರುಳ್ಳಿಗೆ ರೇಟ್ ಬಿದ್ದು, ಕೀಳೋ ಕೂಲಿನೂ ಹುಟ್ಟಲ್ಲ ಅಂತ ಅಪ್ಪ ಹೊಲಕ್ಕೆ ಕುರಿ ಬಿಡಿಸಿದ್ರು. ಅವತ್ತು ರಾತ್ರಿ ಊಟ ಮಾಡಿರ್ಲಿಲ್ಲ. ಆ ವರ್ಷ ನನ್ನ ಪಿಯುಸಿ ಅಡ್ಮಿಷನ್‌ಗೆ ದುಡ್ಡು ಕಳ್ಸಿದ್ದು ಅತ್ತೆ. ನಾನು ನೋಟ್‌ಬುಕ್‌ನಲ್ಲಿ ಹಿಂದಿನ ಪುಟ ತಿರುಗಿಸಿಯೇ ಇರ್ಲಿಲ್ಲ.

(5/6)
ಉಳಿದಿದ್ದು ಕೆಡೋ ಮೊದಲು ಹಪ್ಪಳ, ಸಂಡಿಗೆ ಮಾಡಾಣ ಅಂದ್ರು ಅಜ್ಜಿ. ಹಪ್ಪಳ ಬೇಸಿಗೆ ಕೆಲಸ, ಭಾದ್ರಪದದಲ್ಲಿ ಬಿಸಿಲು ನಂಬೋಕಾಗಲ್ಲ. ಆದ್ರೆ ನಮ್ಮ ಹೊಸದುರ್ಗದ ಕಡೆ ಗಾಳಿಗೆ ಬರ ಇಲ್ಲ. ಸುಮ್ನೆ ಗುಡ್ಡದ ಮೇಲೆಲ್ಲ ಗಾಳಿ ಗಿರಣಿ ನಿಲ್ಲಿಸಿದಾರಾ?

ಸಂಡಿಗೆಗೆ: ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಹೆಚ್ಚಿ, ಕೂಡ್ಲೇ ನೀರಿಗೆ ಹಾಕ್ರಿ. ಉಪ್ಪು ಹಾಕಿ ಕುದಿಸಿದ ನೀರಲ್ಲಿ ಮೂರ್ನಾಲ್ಕು ನಿಮಿಷ ಬೇಯಿಸಿ, ಬಸಿದು, ಹಳೇ ಸೀರೆ ಮೇಲೆ ಒಂದೊಂದಾಗಿ ಹರಡ್ರಿ. ಮುರಿದ್ರೆ ಟಪ್ ಅನ್ಬೇಕು, ಅಲ್ಲೀವರೆಗೂ ಒಣಗಬೇಕು.

ಹಪ್ಪಳಕ್ಕೆ: ಬೇಯಿಸಿ ಗಂಟಿಲ್ಲದಂಗೆ ಹಿಸುಕಿ, ಉಪ್ಪು, ಖಾರ, ಜೀರಿಗೆ, ಇಂಗು ಕಲಸಿ, ಎಣ್ಣೆ ಸವರಿದ ಎರಡು ಹಾಳೆ ನಡುವೆ ಒತ್ತೋದು.

ಮೂರು ಭಾನುವಾರ ಇದೇ ಕೆಲಸ. ಒಂದಿನ ಮಳೆ ಬಂದು ಸೀರೆ ಸಮೇತ ಎತ್ಕೊಂಡು ಓಡಿದ್ವಿ. ಆ ರಾತ್ರಿ ನಮ್ಮನೆ ಮಂಚಗಳ ಮೇಲೆ ಮಲಗಿದ್ದು ಹಪ್ಪಳ, ನೆಲದ ಮೇಲೆ ನಾವು.

ಗಡ್ಡೆಯಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಅದಕ್ಕೆ 40 ಕೆಜಿ ಹಾಕಿದ್ರೆ ಕೈಗೆ ಬಂದಿದ್ದು 7 ಕೆಜಿ. ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಅಲ್ಲಿನ ಜನ ಗಡ್ಡೇನ ರಾತ್ರಿ ಹಿಮಕ್ಕೆ ಹಾಕಿ, ಹಗಲು ಕಾಲಲ್ಲಿ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸ್ತಾರೆ. ಅದಕ್ಕೆ ಚುನ್ಯೋ ಅಂತಾರೆ, ವರ್ಷಗಟ್ಟಲೆ ಇರ್ತೈತೆ. ಅಜ್ಜಿಗೆ ಹೇಳಿದೆ. "ಕಾಲಲ್ಲಿ ತುಳೀತಾರಾ? ಶಿವ ಶಿವ. ಕಾಲಾದ್ರೂ ತೊಳ್ಕೊಂಡಿರ್ತಾರಾ?" ಅಂದ್ರು.

(6/6)
ಇವತ್ತಿನ ಲೆಕ್ಕ. ಟ್ಯಾಲಿ ಆಗೈತೆ, ಚೆಕ್ ಮಾಡ್ಕೊಳ್ರಿ.

ಬಂದಿದ್ದು: 150 ಕೆಜಿ
ಆರಿಸುವಾಗ ಎಸೆದಿದ್ದು: 4
ಅಕ್ಕಪಕ್ಕದ ಆರು ಮನೆಗೆ ಕೊಟ್ಟಿದ್ದು: 30
ನಾವು ತಿಂದಿದ್ದು (ನೀವು ನನ್ನ ಡಬ್ಬಿಗೆ ಕೈ ಹಾಕಿದ್ದೂ ಸೇರಿ): 42
ಹಪ್ಪಳ, ಸಂಡಿಗೆಗೆ: 40
ನಾನು ಕೊಳೆಸಿದ್ದು: 11
ಕೋಣೇಲಿ ಉಳಿದಿರೋದು: 23, ಕಣ್ಣು ಬಿಡೋಕೆ ಶುರುವಾಗೈತೆ

ನನ್ನ ಫೀಸ್ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಕಟ್ಟಿದ್ರು. ಮಾವನ ಹೆಸರಿನ ಕೆಳಗೆ 20 ಸಾವಿರ ಹಂಗೇ ಐತೆ. ಗಡ್ಡೆಯಿಂದ ಅದೇನೂ ಕರಗಿಲ್ಲ.

ಹೋದ ವಾರ ಅತ್ತೆ ಫೋನ್ ಮಾಡಿದ್ರು. ದುಡ್ಡಿನ ಮಾತೇ ಎತ್ತಲಿಲ್ಲ. ಸಣ್ಣ ದನೀಲಿ ಕೇಳಿದ್ದು ಒಂದೇ: "ಗಡ್ಡೆ ಚೆನ್ನಾಗಿದ್ವಾ ಮಗ? ಅಂಗಮಾರಿ ಹೊಲದ್ದು, ಕೊಳೀಲಿಲ್ಲ ತಾನೇ?" ನನ್ನ ಬಾಯಿಂದ ಬಂದಿದ್ದು: "ಒಂದೂ ಕೆಡಲಿಲ್ಲ ಅತ್ತೆ."

ದಸರಾ ರಜೆ ಶುರು. ನಾಳೆ ಬೆಳಿಗ್ಗೆ ನಾನೇ ಅತ್ತೆ ಮನೆಗೆ ಹೊರಟಿದೀನಿ. ಅರ್ಧ ಹಪ್ಪಳ, ಸಂಡಿಗೆ ಡಬ್ಬಿಗೆ ತುಂಬಿಟ್ಟಿದಾರೆ ಅಜ್ಜಿ, ಜೊತೆಗೆ ಹತ್ತು ಕೆಜಿ ನಮ್ಮ ಈರುಳ್ಳಿ. ಆ 11 ಕೆಜಿ ಹೋಗಿದ್ದು ಅವರ ಹೊಲದ ರೋಗದಿಂದಲ್ಲ, ನನ್ನ ಪ್ಲಾಸ್ಟಿಕ್‌ನಿಂದ ಅಂತ ಎದುರಿಗೇ ಹೇಳ್ಬೇಕು.

ನಿಮ್ಮನೇಲಿ ಆಲೂಗಡ್ಡೆ ಹೆಂಗೆ ಇಡ್ತೀರ? ಕಾಮೆಂಟ್‌ನಲ್ಲಿ ಬರೀರಿ. 23 ಕೆಜಿ ಇನ್ನೂ ಬಾಕಿ ಐತೆ. ರಜೆ ಮುಗಿದ ಮೇಲೆ ಡಬ್ಬೀಲಿ ಮತ್ತೆ ಅದೇ, ಈಗಲೇ ಹೇಳಿದೀನಿ.

#ಹಾಲುರಾಮೇಶ್ವರ #ಹೊಸದುರ್ಗ #ಆಲೂಗಡ್ಡೆ #ಹಪ್ಪಳಸಂಡಿಗೆ #ಅತ್ತೆಮನೆ