ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬಾರದು

ಕನ್ನಡ ಶಾಲೆ ಮುಗಿಸಿ ಜಮಖಂಡಿಗೆ ಪಿಯುಸಿ ಸೈನ್ಸ್ ಓದಲು ಬರುವ ಹುಡುಗರಿಗೆ ಮೊದಲ ವೈರಿ ಇಂಗ್ಲಿಷು, ಎರಡನೆಯದು ಪ್ರೊಜೆಕ್ಟೈಲು. ನಮ್ಮ ಕಾಲದಲ್ಲಿ ಇಬ್ಬರೂ ಜೊತೆಯಾಗಿಯೇ ಮೇಲೆ ಬೀಳುತ್ತಿದ್ದರು. ಒಂದು ಚೆಂಡನ್ನು ಇಷ್ಟು ವೇಗದಲ್ಲಿ, ಇಷ್ಟು ಕೋನದಲ್ಲಿ ಎಸೆದಿದೆ, ಎಲ್ಲಿ ಬೀಳುತ್ತದೆ? ಯಾರು ಎಸೆದರು, ಯಾಕೆ ಎಸೆದರು, ಯಾರ ತಲೆ ಒಡೆಯಿತು ಎಂಬ ಮುಖ್ಯ ಸಂಗತಿಗಳ ಸುದ್ದಿಯೇ ಇಲ್ಲ. ಕಡೆಗೊಂದು ಅಪ್ಪಣೆ ಮಾತ್ರ ತಪ್ಪದೆ ಇರುತ್ತಿತ್ತು: ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಬೀಳಗಿ ಕಡೆಯವನಾದ ನನಗೆ ಇದು ನಗೆಯ ಮಾತು. ಬಿಳಿಜೋಳದ ತೆನೆ ಹಾಲುಗಾಳಾದಾಗ ನಮ್ಮ ಮುತ್ಯಾ, ಅಂದರೆ ಅಜ್ಜ, ಹಕ್ಕಿ ಕಾಯಲು ಹೊಲದ ಅಟ್ಟ ಹತ್ತಿ ಮೊದಲು ನೋಡುತ್ತಿದ್ದುದೇ ಗಾಳಿಯನ್ನು. ಕವಣಿಯ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಮುಷ್ಟಿಯೊಳಗೆ. ತಲೆಯ ಮೇಲೆ ಗರಗರ ತಿರುಗಿಸಿ ಮುಷ್ಟಿ ಸಡಿಲಿಸಿದರೆ ಕಲ್ಲು ವೃತ್ತ ಬಿಟ್ಟು ಸ್ಪರ್ಶರೇಖೆ ಹಿಡಿದು ಹೊರಡುತ್ತಿತ್ತು. ಹಕ್ಕಿಗೆ ತಾಗಲೇಬೇಕೆಂದಿಲ್ಲ, ಹಿಂಡು ಎದ್ದು ಪಕ್ಕದವರ ಹೊಲಕ್ಕೆ ಹೋದರೆ ಸಾಕು. ಪಕ್ಕದವರ ಅಟ್ಟದಿಂದ ಅದು ಮರಳಿ ಬರುತ್ತಿತ್ತು, ಆ ಮಾತು ಬೇರೆ.

ರಜೆಗೆ ಹೋದಾಗ ಹೇಳಿದೆ: "ಮುತ್ಯಾ, ನಲವತ್ತೈದು ಡಿಗ್ರಿಗೆ ಒಗದ್ರ ಎಲ್ಲಾಕ್ಕಿಂತ ದೂರ ಹೋಗತೈತಂತ."

"ಯಾರಂದ್ರು?"

"ಇಟಲಿಯವ್ರು."

"ಅವರ ಹೊಲದಾಗ ಅಟ್ಟ ಇರಲಿಲ್ಲ ಕಾಣತೈತಿ."

ಗಣಿತಜ್ಞ ತಾರ್ತಾಲ್ಯ 1537ರಲ್ಲಿ ಆ ಕೋನವನ್ನು ಹೇಳಿದ, ಗೆಲಿಲಿಯೋ 1638ರಲ್ಲಿ ಪರವಲಯದ ಸಮೇತ ಸಾಧಿಸಿದ. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಎರಕಗೊಂಡದ್ದು ನಡುವೆ, 1549ರಲ್ಲಿ. ಇಂಥ ದೊಡ್ಡವರ ಸಾಲಿನಲ್ಲಿ ಮುತ್ಯಾ ಸುಮ್ಮನೆ ಬಾಯಿ ಹಾಕಿದನೆಂದುಕೊಂಡು ಲೆಕ್ಕ ಹಾಕಿ ನೋಡಿದೆ. ಅಟ್ಟ 3 ಮೀಟರ್, ಕಲ್ಲಿನ ವೇಗ ಸೆಕೆಂಡಿಗೆ 20 ಮೀಟರ್, ಗುರುತ್ವ 10 ಎಂದಿಟ್ಟರೆ ಒಳ್ಳೆಯ ಕೋನ 45 ಅಲ್ಲ, 43! ಎತ್ತರದಿಂದ ಎಸೆದಾಗ ಕೋನ ಕೆಳಗಿಳಿಯುತ್ತದೆ. ಗಾಳಿಯನ್ನೂ ಹಿಡಿದರೆ ಇನ್ನಷ್ಟು. ಎರಡು ಕೋನಗಳಿಗೆ ದೂರದಲ್ಲಿ ಬಿದ್ದ ಅಂತರ ಸುಮಾರು 9 ಸೆಂಟಿಮೀಟರ್. ಮುತ್ಯಾ ಗೆದ್ದದ್ದು ಅರ್ಧ ಗೇಣಿನಿಂದ, ಆದರೂ ಗೆಲುವು ಗೆಲುವೇ.

ಅಡ್ಡ ಚಲನೆ ಬೇರೆ, ಮೇಲೆ ಕೆಳಗಿನ ಚಲನೆ ಬೇರೆ ಎಂಬುದನ್ನು ನಮ್ಮ ತಲೆಗೆ ಹೊಗಿಸಿದವನು ಮೇಷ್ಟ್ರಲ್ಲ, ಬನಹಟ್ಟಿಯ ನೇಕಾರರ ಹುಡುಗ. "ಲಾಳಿ ಅಡ್ಡ ಓಡತೈತಿ, ಹಾಸು ಮ್ಯಾಲ ಕೆಳಗ ಆಕ್ಕೈತಿ. ಒಂದರ ಗೊಡವಿ ಒಂದಕ್ಕಿಲ್ಲ. ಆದ್ರ ಹೊತ್ತು ಎರಡಕ್ಕೂ ಒಂದ. ಹೊತ್ತು ತಪ್ಪಿತೋ, ಸೀರಿ ಕೆಟ್ಟಿತು." ಪ್ರೊಜೆಕ್ಟೈಲಿನ ಗುಟ್ಟೆಲ್ಲ ಇಷ್ಟೇ: ಮೇಲೆ ಕೆಳಗಿನ ಲೆಕ್ಕದಿಂದ ಹೊತ್ತನ್ನು ತೆಗೆ, ಅಡ್ಡದ ಲೆಕ್ಕಕ್ಕೆ ಅದನ್ನು ಹಾಕು. ಹೊತ್ತು ತಪ್ಪಿದ ಪವರ್‌ಲೂಮಿನ ಲಾಳಿ ಮಗ್ಗ ಬಿಟ್ಟು ಹಾರಿ ನಿಜವಾದ ಪ್ರೊಜೆಕ್ಟೈಲೇ ಆಗುತ್ತದೆಂದೂ ಅವನೇ ಹೇಳಿದ್ದ. ಮುಧೋಳದ ಗೆಳೆಯನಿಗೆ ಇದ್ಯಾವುದೂ ಹಿಡಿಸಲಿಲ್ಲ. ತಮ್ಮೂರಿನ ರನ್ನ ಗದೆಯ ಯುದ್ಧ ಬರೆದದ್ದೇ ಜಾಣತನ, ಗದೆ ಕೈ ಬಿಟ್ಟು ಹಾರುವುದಿಲ್ಲ, ಸೂತ್ರ ಬೇಕಿಲ್ಲ ಎನ್ನುತ್ತಿದ್ದ.

ಈಗ ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಕಬ್ಬು. ಗುಬ್ಬಿ ಕಬ್ಬು ತಿನ್ನುವುದಿಲ್ಲ, ಕವಣಿಗೆ ಕೆಲಸವಿಲ್ಲ, ಎಳೆ ಜೋಳದ ಸೀತನಿಯೂ ಅಪರೂಪವಾಗಿದೆ. ಮುತ್ಯಾನ ಹೊಲವಂತೂ ಆಲಮಟ್ಟಿಯ ಹಿನ್ನೀರಿನಡಿ ಹೋಯಿತು. ಮೊನ್ನೆ ತಮ್ಮನ ಮಗ ನೀಟ್ ಪರೀಕ್ಷೆಗೆಂದು ಇದೇ ಲೆಕ್ಕಗಳನ್ನು ಪಟಪಟನೆ ಬಿಡಿಸುತ್ತಿದ್ದ. "ನಿಮ್ಮ ಮುತ್ಯಾನ ಅಪ್ಪ ಒಗದ ಕಲ್ಲು ಹೊಲದಂಚಿನ ಬೇವಿನಗಿಡ ದಾಟತಿತ್ತು. ವೇಗ ಎಷ್ಟಿರಬೇಕು, ಹೇಳು" ಎಂದೆ.

"ಗಿಡ ಎಷ್ಟು ದೂರ ಇತ್ತು, ದೊಡ್ಡಪ್ಪ?"

ಗಿಡ ನೀರಿನೊಳಗಿದೆ, ಅಳೆಯುವುದು ಹೇಗೆ?

"ಡೇಟಾ ಇಲ್ಲ," ಎಂದು ಮುಂದಿನ ಲೆಕ್ಕಕ್ಕೆ ಹೋದ. ಅದರಲ್ಲೊಬ್ಬ 80 ಮೀಟರ್ ಎತ್ತರದ ಬಂಡೆಯ ಮೇಲಿಂದ, ಯಾವ ಕಾರಣವೂ ಇಲ್ಲದೆ, ಕಲ್ಲು ಎಸೆಯುತ್ತಿದ್ದ.