ಸಿರಿಮನೆಯ ಅಬ್ಬಿ

ಜಲಪಾತವೆಂದೊಡನೆ ನಮ್ಮ ನಾಡಿನವರಿಗೆ ಜೋಗವೇ ನೆನಪಾಗುವುದು ಸಹಜ. 830 ಅಡಿಗಳಷ್ಟು ಆಳಕ್ಕೆ ಧುಮುಕುವ ಶರಾವತಿಯ ಮುಂದೆ ಮಲೆನಾಡಿನ ಚಿಕ್ಕ ಅಬ್ಬಿಗಳನ್ನು ಕೇಳುವವರಾರು? ಆದರೂ ಹಿರಿದರ ವೈಭವವು ತಿಳಿಸದ ಸಂಗತಿಯನ್ನು ಕಿರಿದು ಕೆಲವೊಮ್ಮೆ ತಿಳಿಸುವುದುಂಟು.

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಕಿಗ್ಗವೆಂಬ ಗ್ರಾಮವಿದೆ. ಅಲ್ಲಿನ ದೇವರು ಋಷ್ಯಶೃಂಗೇಶ್ವರ. ಋಷ್ಯಶೃಂಗನು ಕಾಲಿಟ್ಟ ನಾಡಿನಲ್ಲಿ ಮಳೆ ಬೀಳುವುದೆಂಬುದು ಪುರಾಣದ ಮಾತು. ಆ ಊರಿನಿಂದ ನಾಲ್ಕೈದು ಕಿಲೋಮೀಟರ್ ನಡೆದರೆ ಸಿರಿಮನೆ ಜಲಪಾತ ಸಿಗುತ್ತದೆ.

ಸಂಕ್ರಾಂತಿಯ ಮರುದಿನ, ಚಿತ್ರದುರ್ಗದ ಕಡೆಯಿಂದ ಸೋದರಮಾವನ ಮನೆಗೆ ಬಂದಿದ್ದ ಹುಡುಗನೊಬ್ಬನು ಮಾವನೊಡನೆ ಆ ದಾರಿ ಹಿಡಿದನು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಅಡಕೆ ತೋಟಗಳನ್ನೂ ಕಾಫಿಯ ಗಿಡಗಳನ್ನೂ ದಾಟಿ, ಮರಗಳ ದಟ್ಟ ನೆರಳಿನಲ್ಲಿ ಮೆಟ್ಟಿಲಿಳಿಯುತ್ತಿದ್ದಂತೆ ನೀರಿನ ಸದ್ದು ಕೇಳಿಸಿತು. ಸುಮಾರು 40 ಅಡಿ ಎತ್ತರದ ಕರಿಬಂಡೆಯ ಮೇಲಿಂದ ನೀರು ಬಿಳಿಯ ಎಳೆಗಳಾಗಿ ಇಳಿಯುತ್ತಿತ್ತು.

"ಇಷ್ಟೇನೇ ಮಾವ?" ಎಂದನು ಹುಡುಗ.

ಆದರೆ ತಣ್ಣನೆಯ ನೀರಿನಲ್ಲಿ ಕಾಲಿಟ್ಟು ಕುಳಿತಾಗ ಅವನಿಗೊಂದು ಯೋಚನೆ ಹೊಳೆಯಿತು. ಅವನ ಊರಿನ ಹಳ್ಳವು ಮಳೆ ನಿಂತ ಕೆಲವೇ ದಿನಗಳಲ್ಲಿ ಬರಿಯ ಮರಳಾಗುತ್ತಿತ್ತು. "ಮಳೆ ನಿಂತು ಎರಡು ತಿಂಗಳಾಯಿತಲ್ಲ ಮಾವ, ಈ ನೀರು ಎಲ್ಲಿಂದ ಬರುತ್ತಿದೆ?"

"ಆ ಮರದ ಬುಡದ ತರಗೆಲೆಯನ್ನು ಸರಿಸಿ ನೋಡು."

ಮೇಲಿನ ಎಲೆಗಳು ಒಣಗಿದ್ದವು. ಕೆಳಗಿನವು ಕಪ್ಪಾಗಿ, ಅರೆ ಕೊಳೆತು, ಕೈಗೆ ತೇವ ತಾಗಿಸಿದವು. ಎಲೆಗಳ ಹೊದಿಕೆಯು ಮಳೆಯ ಹೊಡೆತವನ್ನು ತಡೆಯುತ್ತದೆ. ಬೇರುಗಳು ಸಡಿಲಿಸಿದ ಮಣ್ಣಿನೊಳಗೆ ನೀರು ಮೆಲ್ಲನೆ ಇಂಗಿ, ತಗ್ಗಿನಲ್ಲಿ ಒರತೆಯಾಗಿ ಹೊರಡುತ್ತದೆ. ಬೋಳುಗುಡ್ಡದ ಮೇಲೆ ಬಿದ್ದ ಮಳೆಯಾದರೋ ಮಣ್ಣನ್ನೂ ಕೊಚ್ಚಿಕೊಂಡು ಅಂದೇ ಹರಿದುಹೋಗುತ್ತದೆ.

"ಆಷಾಢದಲ್ಲಿ ಸುರಿದದ್ದನ್ನು ಕಾಡು ಹಿಡಿದಿಟ್ಟುಕೊಂಡು, ದಿನಕ್ಕಿಷ್ಟು ಎಂದು ಕೊಡುತ್ತಿದೆ" ಎಂದು ಹೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ತಗ್ಗಿದ ದನಿಯಲ್ಲಿ ಮುಂದುವರಿಸಿದರು: "ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿಯೂ ಹೆಮ್ಮರಗಳಿದ್ದವು. ನಿನ್ನ ತಾಯಿಯ ಮದುವೆಯ ಸಾಲ ತೀರಿಸಲು ನಾನೇ ಕಡಿಸಿದೆ. ಸಾಲವೇನೋ ತೀರಿತು. ನಾಲ್ಕೇ ವರ್ಷಗಳಲ್ಲಿ ತೋಟದ ಒರತೆಯೂ ಬತ್ತಿತು. ಈಗ ಬೇಸಿಗೆ ಬಂದರೆ ದೂರದ ಹಳ್ಳದಿಂದ ನೀರೆತ್ತಬೇಕು."

ಹುಡುಗನಿಗೆ ಏನು ಹೇಳಬೇಕೆಂದು ತೋಚಲಿಲ್ಲ. ತಾನು ಕೆದಕಿದ ತರಗೆಲೆಗಳನ್ನು ಎರಡೂ ಕೈಗಳಿಂದ ಒಟ್ಟುಗೂಡಿಸಿ, ಮರದ ಬುಡಕ್ಕೆ ಮೊದಲಿನಂತೆ ಹೊದಿಸಿದನು.

"ಹೋದ ಮಳೆಗಾಲದಲ್ಲಿ ಹಲಸು, ನೇರಳೆ, ಹೊನ್ನೆಯ ಸಸಿಗಳನ್ನು ನೆಟ್ಟಿದ್ದೇನೆ" ಎಂದರು ಮಾವ. "ಅವು ಮರವಾಗುವ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ."

ಹಿಂದಿರುಗುವ ದಾರಿಯಲ್ಲಿ ನೀರಿನ ಸದ್ದು ಬಹಳ ದೂರದವರೆಗೂ ಅವರೊಡನೆ ಬಂದಿತು. ಅದು ಕ್ಷೀಣವಾಗಿ ಅಡಗಿದ ಮೇಲೆ ಹುಡುಗನು ಮಾವನ ಕೈ ಹಿಡಿದು, "ಮನೆಗೆ ಹೋಗುವ ಮೊದಲು ಆ ಸಸಿಗಳನ್ನು ತೋರಿಸು ಮಾವ" ಎಂದನು.