ಗೆಲ್ಲದೆ ಗೆದ್ದವರು

ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ ಅಜ್ಜನ ಮನೆಯಲ್ಲಿ ಬೆಳೆಯುತ್ತಿದ್ದ ಆ ಹನ್ನೊಂದು ವರ್ಷದ ಬಾಲಕನು ಕುಸ್ತಿಯನ್ನು ಕಂಡಿದ್ದ, ಕಬಡ್ಡಿಯನ್ನು ಆಡಿದ್ದ. ಫುಟ್‌ಬಾಲ್ ಪಂದ್ಯವನ್ನು ಮಾತ್ರ ಕಣ್ಣಾರೆ ಕಂಡವನಲ್ಲ. ಅವನ ಪಾಲಿಗೆ ಅದು ಕಾಗದದ ಮೇಲಿನ ಆಟ. ಗದಗಿನಲ್ಲಿ ಕಾಲೇಜು ಓದುತ್ತಿದ್ದ ಸೋದರಮಾವ ರಜೆಗೆಂದು ಮೀಟರ್ ಗೇಜ್ ಗಾಡಿಯಲ್ಲಿ ಹೊಳೆ ಆಲೂರಿಗೆ ಬಂದಿಳಿದರೆ, ಅವನ ಚೀಲದ ತಳದಲ್ಲಿ ‘ಸ್ಪೋರ್ಟ್‌ಸ್ಟಾರ್’ ಸಂಚಿಕೆಗಳು ಇದ್ದೇ ಇರುತ್ತಿದ್ದುವು. ಮದರಾಸಿನ ಆ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಹುಡುಗನಿಗೆ ಚಿತ್ರಗಳು ತಿಳಿಯುತ್ತಿದ್ದುವು, ಅಂಕಿಗಳು ತಿಳಿಯುತ್ತಿದ್ದುವು. ನಡುವಿನದನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದ.

1988ರ ಬೇಸಗೆಯಲ್ಲಿ ಅಂಕಿಗಳೇ ಕೈಕೊಟ್ಟುವು. ಹಾಲೆಂಡಿನ ಪಿ.ಎಸ್.ವಿ. ತಂಡ ಯುರೋಪಿಯನ್ ಕಪ್ಪನ್ನು ಗೆದ್ದಿತ್ತು. ಆದರೆ ಫ್ರಾನ್ಸಿನ ಬೋರ್ದೋ ತಂಡದೊಡನೆ 1–1, 0–0. ರಿಯಲ್ ಮ್ಯಾಡ್ರಿಡ್ಡಿನೊಡನೆ 1–1, 0–0. ಮೇ 25ರಂದು ಸ್ಟುಟ್‌ಗಾರ್ಟಿನ ಅಂತಿಮ ಪಂದ್ಯದಲ್ಲಿ ಬೆನ್‌ಫಿಕಾದೊಡನೆ ಮತ್ತೆ 0–0, ಪಕ್ಕದ ಕಂಸದಲ್ಲಿ 6–5. ಕಡೆಯ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದವರ ಕೈಯಲ್ಲಿ ಕಪ್ಪು!

“ಗೆಲ್ಲಲಾರದ ಕಪ್ಪು ಹೆಂಗ ಬಂತು, ಮಾವಾ?”

ಮಾವನಿಗೂ ತಿಳಿಯದು. ಮನೆಮಂದಿಯೆಲ್ಲ ಕುಳಿತಿರುವಾಗ ಕಾಲೇಜಿನವನು ಹಾಗೆಂದು ಒಪ್ಪಿಕೊಳ್ಳುವುದುಂಟೆ? “ನಿನಗ ಇಂಗ್ಲಿಷ್ ಓದಾಕ ಬರೂದಿಲ್ಲೋ” ಎಂದು ಗದರಿದ. ಪಡಸಾಲೆ ನಕ್ಕಿತು. ಶಾಲೆಯಲ್ಲಿ ಇಂಗ್ಲಿಷಿಗೆ ಮೊದಲಿಗನೆನಿಸಿದ್ದ ಹುಡುಗ ಆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಪೆನ್ಸಿಲ್ಲು ಹಿಡಿದು ಪಿ.ಎಸ್.ವಿ.ಯ ಮೂರು ಸೊನ್ನೆಗಳನ್ನೂ ಒಂದಾಗಿ ತಿದ್ದಿದ. ಕಂಸದ ಮೇಲೆ ಗೀಟೆಳೆದ. ಲೆಕ್ಕ ಸರಿಹೋಯಿತು.

ಲೆಕ್ಕ ಮೊದಲೇ ಸರಿಯಿತ್ತೆಂಬುದು ತಿಳಿದದ್ದು ಧಾರವಾಡದಲ್ಲಿ ಕಾಲೇಜು ಸೇರಿದ ಮೇಲೆ. ಎರಡು ತಂಡಗಳು ಒಬ್ಬರ ಊರಿನಲ್ಲೊಬ್ಬರು ಆಡಿ, ಒಟ್ಟು ಗೋಲುಗಳು ಸಮನಾದರೆ, ಪರಸ್ಥಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಿನ ಸುತ್ತಿಗೆ: ಇದು ಯುರೋಪಿನಲ್ಲಿ 1965ರಲ್ಲಿ ಬಂದ ನಿಯಮ. ಎರಡು ಸಲವೂ ಪಿ.ಎಸ್.ವಿ. 1–1 ಮಾಡಿಕೊಂಡದ್ದು ಎದುರಾಳಿಯ ಅಂಗಳದಲ್ಲಿ. ಕಂಸದೊಳಗಿನದು ಪೆನಾಲ್ಟಿ ಒದೆತಗಳ ಲೆಕ್ಕ. ಬೆನ್‌ಫಿಕಾದ ವೆಲೋಸೊ ಒದ್ದ ಆರನೆಯ ಚೆಂಡನ್ನು ಗೋಲಿ ವಾನ್ ಬ್ರೂಕೆಲೆನ್ ತಡೆದಿದ್ದ. ಇನ್ನೊಂದು ವಿನೋದ: ಅದು ಫಿಲಿಪ್ಸ್ ಕಂಪನಿಯ ನೌಕರರಿಗಾಗಿ 1913ರಲ್ಲಿ ಹುಟ್ಟಿದ ತಂಡ. ನಕ್ಕ ಪಡಸಾಲೆಯ ಗೂಡಿನಲ್ಲೇ ಫಿಲಿಪ್ಸ್ ರೇಡಿಯೋ ಕುಳಿತಿತ್ತು.

ಆ ನಿಯಮವನ್ನು ಯುರೋಪಿನವರು 2021ರಲ್ಲಿ ಕೈಬಿಟ್ಟರು. ಸುದ್ದಿ ಓದಿದವನು ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಟ್ರಂಕನ್ನು ಇಳಿಸಿ, ಹಳದಿಗಟ್ಟಿದ ಸಂಚಿಕೆಯನ್ನು ಹುಡುಕಿ, ಮಾವನ ಮುಂದಿಟ್ಟ. ಮಾವ ಕನ್ನಡಕವೇರಿಸಿ, ತಿದ್ದಿದ ಅಂಕಿಗಳನ್ನು ಬಹಳ ಹೊತ್ತು ನೋಡಿದ.

“ಅವತ್ತ ನನಗೂ ತಿಳಿದಿದ್ದಿಲ್ಲೋ” ಎಂದ.

ಬಳಿಕ ಮನೆಯ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ರಬ್ಬರು ತರಿಸಿ, ಕಾಗದ ಹರಿಯದಂತೆ, ಕಂಸದ ಮೇಲಿನ ಗೀಟನ್ನು ತಾನೇ ಅಳಿಸತೊಡಗಿದ.